ಮೂರು ಡಬ್ಬಿ, ಮೂರು ಬಗೆಯ ಜಿರಳೆ

ಸಾಕಿದ ಡುಬಿಯಾ ಜಿರಳೆಗಳ ಡಬ್ಬಿಯ ತಳದಲ್ಲಿ ಹಿಕ್ಕೆ ಎರಡು ಬೆರಳು ದಪ್ಪ ಕೂತಿತು ಅಂದರೆ ಶುಚಿ ಮಾಡುವುದನ್ನು ಇನ್ನು ಮುಂದೂಡುವ ಹಾಗಿಲ್ಲ. ಈ ಭಾನುವಾರ ಅದನ್ನು ಬಾಲ್ಕನಿಗೆ ಇಳಿಸಿದ್ದಾಯಿತು, ಜೊತೆಗೆ ಹಿಸ್ಸರ್ ಮತ್ತು ಡಾಮಿನೊ ಜಿರಳೆಗಳ ಡಬ್ಬಿಗಳನ್ನೂ. ಕೆಲಸಕ್ಕೆ ಮುಂಚೆ ಮೂಗಿಗೆ ಮಾಸ್ಕ್ ಬೇಕೇ ಬೇಕು. ಒಣ ಹಿಕ್ಕೆಯ ದೂಳು ವರ್ಷಗಟ್ಟಲೆ ಒಳಗೆ ಹೋದರೆ ಅಲರ್ಜಿ ಅಂಟಿಕೊಳ್ಳಬಹುದು, ಆಮೇಲೆ ಸಾಕಣೆಯನ್ನೇ ಕೈಬಿಡಬೇಕಾದೀತು.

ದಕ್ಷಿಣ ಅಮೆರಿಕದ ಡುಬಿಯಾ ನುಣುಪಾದ ಪ್ಲಾಸ್ಟಿಕ್ ಹತ್ತಲಾರದು, ಹಾಗಾಗಿ ಮುಚ್ಚಳ ತೆಗೆದಿಟ್ಟೇ ಕೆಲಸ ಮಾಡಬಹುದು. ಜಿರಳೆ ಅಡಗಿಕೊಳ್ಳಲೆಂದು ಇಟ್ಟ ರಟ್ಟಿನ ಮೊಟ್ಟೆ ಟ್ರೇಗಳನ್ನು ಮಲಗಿಸದೆ ನಿಲ್ಲಿಸಿಟ್ಟಿದ್ದರೆ ಹಿಕ್ಕೆ ತಾನಾಗಿ ತಳ ಸೇರಿರುತ್ತದೆ. ಒಂದೊಂದು ಟ್ರೇಯನ್ನೂ ಖಾಲಿ ಬಕೆಟ್ಟಿಗೆ ತಟ್ಟಿ, ತಳದ್ದನ್ನು 2 ಮಿ.ಮೀ. ಕಣ್ಣಿನ ಜರಡಿಗೆ ಸುರಿಯಬೇಕು. ಎಳೆಯ ಮರಿಗಳು ಕೆಲವು ಪುಡಿಯ ಜೊತೆ ಕೆಳಗೆ ಜಾರುತ್ತವೆ. ಆ ಪುಡಿಯನ್ನು ಅಗಲವಾದ ಟಬ್ಬಿನಲ್ಲಿ ಹರಡಿ, ನಡುವೆ ಕ್ಯಾರೆಟ್ ತುಂಡಿಟ್ಟು ರಾತ್ರಿ ಬಿಟ್ಟರೆ ಬೆಳಗ್ಗೆ ಹೆಚ್ಚಿನವು ಕ್ಯಾರೆಟ್ಟಿನಡಿ ಸಿಗುತ್ತವೆ. ಕ್ಯಾರೆಟ್ ಸಿಪ್ಪೆ ಹೆರೆದಿರಲಿ, ಅದರ ಮೇಲಿನ ಕೀಟನಾಶಕ ಮರಿಗಳಿಗೂ ವಿಷವೇ.

ಜರಡಿಯಲ್ಲಿ ಹಾಲುಬಿಳಿ ಜಿರಳೆ ಕಂಡರೆ ಅದು ರೋಗವೂ ಅಲ್ಲ, ಅಪರೂಪದ ತಳಿಯೂ ಅಲ್ಲ. ಆಗಷ್ಟೇ ಪೊರೆ ಕಳಚಿದ್ದು, ಕೆಲವು ಗಂಟೆಯಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ. ಅಲ್ಲಿಯವರೆಗೆ ಮೈ ಮೆತ್ತಗಿರುತ್ತದೆ, ಜರಡಿ ಅಲ್ಲಾಡಿಸಿದರೆ ಹರಿದೇಹೋಗುತ್ತದೆ. ಚಮಚದಲ್ಲಿ ಎತ್ತಿ ಬೇರೆ ಇಡುವುದು ಲೇಸು.

ಲೆಕ್ಕ ಹಾಕುವುದಕ್ಕೂ ಇದೇ ಹೊತ್ತು. ಪೂರ್ತಿ ರೆಕ್ಕೆಯದು ಗಂಡು, ಮೋಟು ರೆಕ್ಕೆಯದು ಹೆಣ್ಣು. ಒಂದು ಗಂಡಿಗೆ ಮೂರರಿಂದ ಐದು ಹೆಣ್ಣು ಸಾಕು. ಗಂಡು ಹೆಚ್ಚಾದರೆ ಹೆಣ್ಣುಗಳಿಗೆ ನೆಮ್ಮದಿಯಿಲ್ಲ, ರೆಕ್ಕೆಗಳೂ ಚಿಂದಿ. ರೆಕ್ಕೆ ಕಡಿದಿರುವುದಕ್ಕೆ ಪ್ರೋಟೀನ್ ಕೊರತೆಯೂ ಕಾರಣ. ಹಾಗಂತ ಬೆಕ್ಕಿನ ಆಹಾರವನ್ನೇ ಸುರಿಯಬಾರದು, ಹೆಚ್ಚಾದ ಪ್ರೋಟೀನ್ ಮೈಯಲ್ಲಿ ಯೂರಿಕ್ ಆಮ್ಲವಾಗಿ ಕೂಡುತ್ತದೆ. ಗೋಧಿ ಬೂಸಾಕ್ಕೆ ಸ್ವಲ್ಪ ಮೀನಿನ ಆಹಾರ ಬೆರೆಸಿದರೆ ಸರಿಹೋಗುತ್ತದೆ. ಇನ್ನು ಶಾಖ: 28ರಿಂದ 32 ಡಿಗ್ರಿಯಲ್ಲಿ ಮರಿ ಚೆನ್ನಾಗಿ ಬರುತ್ತವೆ. ಬೆಂಗಳೂರಿನ ಡಿಸೆಂಬರ್ ರಾತ್ರಿಗಳಲ್ಲಿ ಹೀಟ್ ಮ್ಯಾಟ್ ಇಲ್ಲದಿದ್ದರೆ ಡುಬಿಯಾ ಬದುಕಿರುತ್ತದೆ, ಮರಿ ಮಾತ್ರ ಹಾಕುವುದಿಲ್ಲ. ಮಂಗಳೂರಿನವರಿಗೆ ಆ ಚಿಂತೆಯಿಲ್ಲ. ಅವರ ಕಾಟ ತೇವದ್ದು: ಬೂಸಾ ಮುಗ್ಗಿತೋ, ನುಸಿ ಹಿಡಿದು ಬಿಳಿ ಹಿಟ್ಟು ಚೆಲ್ಲಿದಂತೆ ಹರಿದಾಡುತ್ತದೆ. ಆಹಾರವೆಲ್ಲ ತೆಗೆದು, ಗಾಳಿ ಬಿಟ್ಟು, ಡಬ್ಬಿ ಒಣಗಿಸುವುದೇ ಮದ್ದು.

ಮಡಗಾಸ್ಕರಿನ ಹಿಸ್ಸರ್‌ಗೆ ಜರಡಿಯ ಮಾತೇ ಬೇಡ. ಇದು ಗಾಜನ್ನೂ ಹತ್ತುತ್ತದೆ, ಆದ್ದರಿಂದ ಡಬ್ಬಿಯ ಒಳಗಂಚಿಗೆ 5 ಸೆಂ.ಮೀ. ಅಗಲ ವ್ಯಾಸಲಿನ್ ಪಟ್ಟಿ ಬಳಿದಿರಬೇಕು. ಗಾಳಿಕಿಂಡಿಗೆ ಸ್ಟೀಲ್ ಜಾಲರಿಯೇ ಆಗಬೇಕು, ನೈಲಾನ್ ಆದರೆ ಕಡಿದು ಹೊರಬರಬಹುದು. ತೊಗಟೆಗೆ ಕಚ್ಚಿಕೊಂಡಿದ್ದನ್ನು ಬೆನ್ನು ಹಿಡಿದು ಎಳೆದರೆ ಕಾಲು ಕಿತ್ತುಬರುತ್ತದೆ. ಹೊಟ್ಟೆಯಡಿ ಬೆರಳು ತೂರಿಸಿದರೆ ಬುಸ್ಸೆನ್ನುತ್ತಾ ತಾನೇ ಕೈಮೇಲೆ ಬರುತ್ತದೆ. ಆ ಬುಸ್ ಬರುವುದು ಬಾಯಿಂದಲ್ಲ, ಹೊಟ್ಟೆಯ ಪಕ್ಕದ ಉಸಿರುರಂಧ್ರಗಳಿಂದ.

ಹೊಸಬರು ಗಾಬರಿಯಾಗುವ ಇನ್ನೊಂದು ದೃಶ್ಯವಿದೆ. ಹೆಣ್ಣಿನ ಹಿಂಬದಿಯಿಂದ ತಿಳಿಹಳದಿ ಮೊಟ್ಟೆಚೀಲ ಅರ್ಧ ಹೊರಗೆ ಇಣುಕಿರುತ್ತದೆ. ಮುಟ್ಟಬಾರದು. ಅದನ್ನು ಒಳಗೆಳೆದುಕೊಂಡು ಸುಮಾರು ಎರಡು ತಿಂಗಳು ಹೊತ್ತು, ಆಮೇಲೆ ಜೀವಂತ ಮರಿಗಳನ್ನೇ ಹಾಕುತ್ತದೆ. ಡುಬಿಯಾದ್ದೂ ಇದೇ ಕ್ರಮ. ಡಬ್ಬಿಯನ್ನು ಕುಲುಕಾಡಿಸಿದರೆ ಅಥವಾ ತೀರಾ ಒಣಗಲು ಬಿಟ್ಟರೆ ಚೀಲವನ್ನು ಉದುರಿಸಿಬಿಡುವುದುಂಟು. ಬಿದ್ದ ಚೀಲದಿಂದ ಮರಿ ಬರುವುದಿಲ್ಲ.

ಡಾಮಿನೊ ನಮ್ಮ ದಕ್ಷಿಣ ಭಾರತದ್ದೇ, ಕುರುಚಲು ಕಾಡಿನ ತರಗೆಲೆಯಡಿ ಬದುಕುವಂಥದ್ದು. ಕಪ್ಪು ಮೈಮೇಲೆ ಏಳು ಬಿಳಿ ಬೊಟ್ಟು. ಜಿರಳೆ ಅಂದರೆ ಮುಖ ಸಿಂಡರಿಸುವವರೂ ಇದನ್ನು ಒಂದು ಕ್ಷಣ ನಿಂತು ನೋಡುತ್ತಾರೆ. ಇದರ ಮರಿಗಳು ತಿಂಗಳುಗಟ್ಟಲೆ ಮಣ್ಣೊಳಗೇ ಬೆಳೆಯುತ್ತವೆ. ತೊಳೆದ ಕೋಕೋಪೀಟ್ ಮತ್ತು ಒಣ ಎಲೆ ಸೇರಿಸಿ ಕನಿಷ್ಠ 8 ಸೆಂ.ಮೀ. ಆಳ ಬೇಕು, ತಳ ತೇವ, ಮೇಲು ಒಣ. ನೀರನ್ನು ಒಂದು ಮೂಲೆಗೆ ಮಾತ್ರ ಹಾಕಿದರೆ ಎಲ್ಲಿರಬೇಕೆಂದು ಅವೇ ಆರಿಸಿಕೊಳ್ಳುತ್ತವೆ. ಎಲೆ ಹಲಸಿನದೋ ಕಾಡುಬಾದಾಮಿಯದೋ ಇರಲಿ. ರಸ್ತೆಬದಿಯಲ್ಲಿ ಗುಡಿಸಿ ತಂದದ್ದರಲ್ಲಿ ಬೇವು ಸೇರಿದ್ದರೆ ಮರಿಗಳು ಪೊರೆ ಕಳಚಲಾರದೆ ಸಾಯಬಹುದು, ಬೇವಿನಲ್ಲಿರುವ ಅಜಾಡಿರಾಕ್ಟಿನ್ ಎಂಬ ರಾಸಾಯನಿಕ ಮಾಡುವ ಕೆಲಸವೇ ಅದು.

ಡಾಮಿನೊ ಜೀವಂತ ಮರಿ ಹಾಕುವುದಿಲ್ಲ, ಗಟ್ಟಿ ಮೊಟ್ಟೆಚೀಲಗಳನ್ನು ಮಣ್ಣಿಗೆ ಬಿಡುತ್ತದೆ. ಕಂದು ಬಣ್ಣದ ಆ ಚೀಲ ಮಣ್ಣಲ್ಲಿ ಬೆರೆತರೆ ತೊಗಟೆಯ ಚೂರಿನ ಹಾಗೇ ಕಾಣುತ್ತದೆ. ಡುಬಿಯಾದ ಹಾಗೆ ಇದನ್ನೂ ಜರಡಿ ಹಿಡಿದು ಉಳಿದದ್ದನ್ನು ಹೂಕುಂಡಕ್ಕೆ ಸುರಿದರೆ ಮುಂದಿನ ತಲೆಮಾರೇ ಹೊರಗೆ ಹೋದಂತೆ. ಈ ಡಬ್ಬಿಯಲ್ಲಿ ಬೂಷ್ಟು ಹಿಡಿದ ಹಣ್ಣಿನ ಚೂರು, ಸತ್ತ ದೊಡ್ಡವು, ಇಷ್ಟನ್ನೇ ಇಕ್ಕಳದಲ್ಲಿ ಹೆಕ್ಕಿ, ಮೇಲೆ ಹೊಸ ಎಲೆ ಉದುರಿಸಿದರೆ ಸಾಕು. ಮಣ್ಣು ಬದಲಿಸಲೇಬೇಕಾದರೆ ತೆಗೆದ ಮಣ್ಣನ್ನು ಬೇರೆ ಡಬ್ಬಿಯಲ್ಲಿ ತೇವವಾಗಿಟ್ಟು ಕೆಲವು ತಿಂಗಳು ಕಾಯಬೇಕು. ಮೂರೂ ಡಬ್ಬಿಗಳನ್ನು ಒಳಗಿಟ್ಟ ಕೋಣೆಯಲ್ಲಿ ಸೊಳ್ಳೆಬತ್ತಿ, ಲಿಕ್ವಿಡ್ ಯಾವುದೂ ಬೇಡ. ಸೊಳ್ಳೆಪರದೆ ಕಟ್ಟಿಕೊಳ್ಳಿ.