ಹೂಮಳೆ, ತಕ್ಕಡಿ, ಭಾನುವಾರ: ತೋಟದ ರೈಟರ ಕೆಲಸದಲ್ಲಿ ದೇವರ ಮೇಲಿನ ಭರವಸೆ

ಮೂಡಿಗೆರೆ, ಸಕಲೇಶಪುರದ ಕಾಫಿ ತೋಟಗಳಲ್ಲಿ ಮಾರ್ಚ್ ಬಂತೆಂದರೆ 'ದೇವರು ಕೊಟ್ರೆ ಮಳೆ' ಅನ್ನುವ ಮಾತು ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತದೆ. ಮಾತು ಸರಿಯೇ. ಆದರೆ ಪೈಪಿನ ವಾಷರ್ ಬದಲಿಸದೆ, ಪಂಪಿಗೆ ಡೀಸೆಲ್ ತರಿಸದೆ ಹೀಗೆ ಹೇಳುವ ರೈಟರು (ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವವರು) ದೇವರನ್ನು ನಂಬಿದ್ದಲ್ಲ. ತಮ್ಮ ಬಾಕಿ ಕೆಲಸವನ್ನು ದೇವರ ಲೆಕ್ಕಕ್ಕೆ ಬರೆದದ್ದು. ಬೈಬಲಿನ ನೆಹೆಮೀಯನ ಗ್ರಂಥದ 4ನೇ ಅಧ್ಯಾಯದಲ್ಲಿ ಯೆರೂಸಲೇಮಿನ ಗೋಡೆ ಕಟ್ಟುತ್ತಿದ್ದವರು ಪ್ರಾರ್ಥನೆಯನ್ನೂ ಮಾಡಿದರು, ಹಗಲಿರುಳು ಕಾವಲನ್ನೂ ಇಟ್ಟರು.

ರೋಬಸ್ಟಾ ಜಾತಿಯ ಕಾಫಿಗೆ ಮೊಗ್ಗು ಅರಳಿಸುವ ಮಳೆ, ಹೂಮಳೆ, 100 ಸೆಂಟ್ಸ್ ಬೇಕು. ಅಂದರೆ ಒಂದಿಂಚು, 25 ಮಿ.ಮೀ. 40 ಸೆಂಟ್ಸ್ ಬಿದ್ದು ನಿಂತರೆ ಮೊಗ್ಗು ಉಬ್ಬುತ್ತದೆ, ಅರಳಲು ನೀರು ಸಾಲದೆ ಗಿಡದಲ್ಲೇ ಒಣಗುತ್ತದೆ. ಆ ಕೊರತೆಯನ್ನು ತಡ ಮಾಡದೆ ಜೆಟ್ (ನೀರು ಚಿಮ್ಮಿಸುವ ಸ್ಪ್ರಿಂಕ್ಲರ್) ಹಾಕಿ ತುಂಬಬೇಕು. ಎಕರೆಗೆ ಒಂದಿಂಚು ನೀರೆಂದರೆ ಸುಮಾರು 1.03 ಲಕ್ಷ ಲೀಟರ್. ಕೆರೆಯಲ್ಲಿ 10 ಲಕ್ಷ ಲೀಟರ್ ಇದ್ದರೆ ಒಂದು ಸುತ್ತಿಗೆ ಒಂಬತ್ತು ಎಕರೆ. ಹದಿನೈದು, ಇಪ್ಪತ್ತು ದಿನದ ಮೇಲೆ ಬ್ಯಾಕಿಂಗ್‌ಗೂ, ಅಂದರೆ ಹೂವಿನ ನಂತರ ಕಾಯಿ ನಿಲ್ಲಲು ಬೇಕಾದ ಎರಡನೇ ಸುತ್ತಿಗೂ, ಅಷ್ಟೇ ನೀರು ಇಡಬೇಕಾದರೆ ನಾಲ್ಕೂವರೆ ಎಕರೆ. ಬ್ಯಾಕಿಂಗ್ ಮಳೆ ಬಂದೇ ಬರುತ್ತದೆಂದು ಕೆರೆ ಖಾಲಿ ಮಾಡುವುದನ್ನು ಕೆಲವರು ವಿಶ್ವಾಸ ಅನ್ನುತ್ತಾರೆ. ನನ್ನ ಲೆಕ್ಕದಲ್ಲಿ ಅದು ಜೂಜು. ಬೈಬಲಿನ ಯೋಸೇಫನೂ ಬರಗಾಲಕ್ಕೆಂದು ಧಾನ್ಯ ಕೂಡಿಟ್ಟವನೇ. ಇರುವ ನೀರನ್ನು ಹದಿನೈದು ಎಕರೆಗೆ ತೆಳ್ಳಗೆ ಹರಡುವುದು ಇನ್ನೂ ಕೆಟ್ಟದ್ದು. ಯಾವ ಬ್ಲಾಕನ್ನು ಮಳೆಗೆ ಬಿಡುವುದೆಂದು ಗೊತ್ತು ಮಾಡಿ, ಅದನ್ನು ಪ್ರಾರ್ಥನೆಯಲ್ಲಿ ಒಪ್ಪಿಸಿ, ನಿಜವಾಗಿಯೂ ಬಿಟ್ಟುಬಿಡಬೇಕು. ಜೆಟ್ ಬೀಳುವ ಜಾಗದಲ್ಲಿ ನಾಲ್ಕು ಡಬ್ಬ ಇಟ್ಟು ಸ್ಕೇಲಿನಿಂದ ಅಳೆಯಿರಿ. ಗಂಟೆ ಲೆಕ್ಕ ನಂಬಬೇಡಿ. ಪ್ರೆಶರ್ ಇಳಿದರೆ ಅದು ಸುಳ್ಳಾಗುತ್ತದೆ.

ನೀರು ಬಿದ್ದ ಏಳೆಂಟು ದಿನಕ್ಕೆ ಹೂ ಅರಳುತ್ತದೆ. ರೋಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಬೇಕು. ಅರಳಿದ ಬೆಳಿಗ್ಗೆಯೇ ಮಳೆ ಹೊಯ್ದರೆ ಪರಾಗ ತೊಳೆದುಹೋಗುತ್ತದೆ, ಅದಕ್ಕೆ ಯಾರ ಕೈಯಲ್ಲೂ ಮದ್ದಿಲ್ಲ. ಗಾಬರಿಯಲ್ಲಿ ಮರುದಿನ ಮತ್ತೆ ಜೆಟ್ ಹಾಕಿಸಿದರೆ ಬ್ಯಾಕಿಂಗ್ ನೀರೂ ಹೋಯಿತು. ಮಳೆ ಪುಸ್ತಕದಲ್ಲಿ 'ಹೂವಿನ ದಿನ, 22 ಸೆಂಟ್ಸ್' ಅಂತ ಇದ್ದದ್ದನ್ನು ಇದ್ದಹಾಗೆ ಬರೆದು ಮಸ್ಟರ್‌ಗೆ (ಆಳುಗಳ ಹಾಜರಿಗೆ) ಹೋಗಬೇಕು. ನಾಳೆಯ ಚಿಂತೆ ನಾಳೆಗೆ ಎಂದು ಮತ್ತಾಯ 6ರಲ್ಲಿ ಹೇಳಿದ್ದು ಇಂಥ ಬೆಳಿಗ್ಗೆಗೂ ಸಲ್ಲುತ್ತದೆ.

ಇನ್ನು ತೂಕ. ಕೊಯ್ಲಿನಲ್ಲಿ ಕೆ.ಜಿ. ಲೆಕ್ಕದ ಕೂಲಿ. 'ಚೀಲದ ತೂಕ' ಅಂತ ಸುಮ್ಮನೆ ಎರಡು ಕೆ.ಜಿ. ಕಳೆಯುವ ಚಾಳಿ ಅಲ್ಲಲ್ಲಿ ಉಂಟು. ಖಾಲಿ ಗೋಣಿಯನ್ನು, ಒದ್ದೆಯಾಗಿದ್ದರೆ ಒದ್ದೆಯದನ್ನೇ, ಕೊಯ್ದವರ ಕಣ್ಣೆದುರು ತಕ್ಕಡಿಗಿಟ್ಟು ಬಂದಷ್ಟೇ ಕಳೆಯಿರಿ. ಮೋಸದ ತ್ರಾಸು ಕರ್ತನಿಗೆ ಅಸಹ್ಯ ಎಂದು ಜ್ಞಾನೋಕ್ತಿ 11ರ ಮೊದಲ ವಚನವೇ ಹೇಳುತ್ತದೆ. ಹೀಗೆ ಕಳೆಯುವುದರ ಹಿಂದೆ ದುರಾಸೆಗಿಂತ ಹೆಚ್ಚಾಗಿ ಈ ವರ್ಷ ಸಾಲದೇ ಹೋದರೆ ಎಂಬ ಹೆದರಿಕೆ ಇರುತ್ತದೆ. ಭಾನುವಾರ ಚರ್ಚಿನಲ್ಲಿ ಎಷ್ಟೇ ಗಟ್ಟಿಯಾಗಿ ಹಾಡಿದರೂ ಆ ಹೆದರಿಕೆ ಸೋಮವಾರ ತಕ್ಕಡಿಯಲ್ಲಿ ಕಾಣುತ್ತದೆ.

ಭಾನುವಾರದ ವಿಷಯಕ್ಕೆ ಶನಿವಾರವೇ ತಯಾರಿ ಬೇಕು. ವಿಮೋಚನಕಾಂಡ 16ರಲ್ಲಿ ಇಸ್ರಾಯೇಲ್ಯರು ಸಬ್ಬತ್ತಿನ (ವಿಶ್ರಾಂತಿ ದಿನದ) ಮುಂಚಿನ ಆರನೇ ದಿನ, ದೇವರು ಕೊಟ್ಟ ಆಹಾರವಾದ ಮನ್ನವನ್ನು ಎರಡು ಪಾಲು ಕೂಡಿಸಿದರು. ಅರೇಬಿಕಾ ಜಾತಿಯ ಕಾಫಿಯಲ್ಲಿ ಲೆಕ್ಕ ಉಲ್ಟಾ: ಕೊಯ್ದ ಹಣ್ಣನ್ನು ಅದೇ ದಿನ ಪಲ್ಪ್ ಮಾಡಬೇಕು (ಯಂತ್ರದಲ್ಲಿ ಸಿಪ್ಪೆ ಬಿಡಿಸಬೇಕು), ಆದ್ದರಿಂದ ಶನಿವಾರ ಕೊಯ್ಲು ಕಡಿಮೆ ಇರಲಿ. ಪಲ್ಪರ್ ಸಂಜೆಯೊಳಗೆ ನಿಲ್ಲಬೇಕು. ಆದರೆ ತೊಟ್ಟಿಯಲ್ಲಿ ಹಾಕಿದ ಬೀಜ ಹುಳಿಯಲು 24ರಿಂದ 36 ಗಂಟೆ, ಚಳಿ ಜಾಸ್ತಿಯಿದ್ದರೆ ಇನ್ನೂ ಹೆಚ್ಚು. ಅದಕ್ಕೆ ಭಾನುವಾರ ಗೊತ್ತಿಲ್ಲ. ಬಾವಿಗೆ ಬಿದ್ದ ಎತ್ತನ್ನು ಸಬ್ಬತ್ ದಿನವೂ ಎತ್ತುತ್ತೀರಲ್ಲವೇ ಎಂದು ಯೇಸು ಕೇಳಿದ್ದು ಲೂಕ 14ರಲ್ಲಿದೆ. ಆರಾಧನೆ ಮುಗಿಸಿ ಬಂದು ತೊಟ್ಟಿಯೊಳಗೆ ಕೈ ಹಾಕಿ, ಒಂದು ಹಿಡಿ ಬೀಜವನ್ನು ತೊಳೆದು ಮುಷ್ಟಿಯಲ್ಲಿ ಉಜ್ಜಿ ನೋಡಿ. ಲೋಳೆಯಾಗಿ ಜಾರಿದರೆ ಮುಚ್ಚಿಡಿ. ಸಣ್ಣ ಕಲ್ಲಿನ ಹಾಗೆ ಗರಗರ ಅಂದರೆ ಆಗಲೇ ತೊಳೆಸಿ, ಬೆಳಗಿನವರೆಗೆ ಬಿಟ್ಟರೆ ಹುಳಿ ವಾಸನೆ ಹಿಡಿಯುತ್ತದೆ. ತೊಳೆಯಲು ಬಂದವರಿಗೆ ಆ ಅರ್ಧ ದಿನದ ಕೂಲಿಯನ್ನು ಅವತ್ತೇ ಪುಸ್ತಕದಲ್ಲಿ ಬರೆದಿಡಿ.