ಜಿಂಟಿಯ ಕಪ್ಪು, ಮಾಲೂರಿನ ಕೆಂಪು

ಮೈಸೂರು
ಶನಿವಾರ, 14 ಜೂನ್ 2025

ಹಳೆಯದೊಂದು ಪುಟ್ಟ ಮಾದರಿ ರೈಲು ಎಂಜಿನ್ನನ್ನು ಓಡುವಂತೆ ಮಾಡುವುದು ಒಂದು ಕೆಲಸ, ಅದನ್ನು ಹೊಸದರಂತೆ ಕಾಣಿಸುವುದು ಬೇರೊಂದು ಕೆಲಸ ಎಂಬುದನ್ನು ಸ್ನೇಹಿತರೊಬ್ಬರಿಗೆ ವಿವರಿಸುವುದರಲ್ಲಿ ಇಂದು ಬೆಳಗಿನ ಬಹುಪಾಲು ಕಳೆಯಿತು. ಅವರ ತಂದೆಯವರು ಇಂಗ್ಲೆಂಡಿನಲ್ಲಿ ಓದುತ್ತಿದ್ದಾಗ ಕೊಂಡು ತಂದಿದ್ದ, ಮಾದರಿ ರೈಲುಗಳನ್ನು ತಯಾರಿಸುತ್ತಿದ್ದ ಟ್ರೈ-ಆಂಗ್ ಕಂಪನಿಯ ‘ಜಿಂಟಿ’ ಎಂಜಿನ್ ಈಗ ನನ್ನ ಮೇಜಿನ ಮೇಲಿದೆ. “ಓಡುವ ಹಾಗೆ ಮಾಡಿ, ಹಾಗೆಯೇ ಒಂದು ಕೋಟು ಕಪ್ಪು ಬಣ್ಣವನ್ನೂ ಹೊಡೆದುಬಿಡಿ ಸಾರ್” ಎಂದು ಅವರು ಕೇಳಿದರು. ಮೊದಲನೆಯದಕ್ಕೆ ಒಪ್ಪಿದೆ, ಎರಡನೆಯದಕ್ಕೆ ಒಪ್ಪಲಿಲ್ಲ.

ಜಿಂಟಿ ಎಂಬುದು ಬ್ರಿಟನ್ನಿನ ಲಂಡನ್ ಮಿಡ್‌ಲ್ಯಾಂಡ್ ಅಂಡ್ ಸ್ಕಾಟಿಷ್ ರೈಲ್ವೆಯ ಆರು ಗಾಲಿಗಳ ಶಂಟಿಂಗ್ ಎಂಜಿನ್ನಿಗೆ ಬಂದ ಅಡ್ಡಹೆಸರು. 1924ರಿಂದ 1931ರವರೆಗೆ ಅಂಥ 422 ಎಂಜಿನ್ನುಗಳು ತಯಾರಾದವು. ಮೆರುಗಿನ ಎಕ್ಸ್‌ಪ್ರೆಸ್ ರೈಲುಗಳನ್ನು ಎಳೆಯುವ ಭಾಗ್ಯ ಅವುಗಳಿಗಿರಲಿಲ್ಲ. ಯಾರ್ಡಿನಲ್ಲಿ ವ್ಯಾಗನ್ನುಗಳನ್ನು ಹಿಂದಕ್ಕೂ ಮುಂದಕ್ಕೂ ತಳ್ಳುವುದೇ ಅವುಗಳ ದಿನಚರಿ. 1950ರ ದಶಕದಲ್ಲಿ ಟ್ರೈ-ಆಂಗ್ ತಂದ ಅದರ ಪ್ಲಾಸ್ಟಿಕ್ ಮಾದರಿ ಅಗ್ಗವಾಗಿತ್ತು, ಗಟ್ಟಿಯಾಗಿತ್ತು, ಆದ್ದರಿಂದಲೇ ಅಪಾರ ಸಂಖ್ಯೆಯಲ್ಲಿ ಮಾರಾಟವಾಯಿತು. ಟ್ರೈ-ಆಂಗ್‌ನ ಒಡೆಯರಾದ ಲೈನ್ಸ್ ಬ್ರದರ್ಸ್ 1964ರಲ್ಲಿ ಹಾರ್ನ್‌ಬಿ ರೈಲುಗಳನ್ನು ತಯಾರಿಸುತ್ತಿದ್ದ ಮೆಕ್ಯಾನೋ ಸಂಸ್ಥೆಯನ್ನು ಕೊಂಡುಕೊಂಡರು. ಆ ಬಳಿಕ ಹೆಸರು ಟ್ರೈ-ಆಂಗ್ ಹಾರ್ನ್‌ಬಿ ಎಂದಾಗಿ, ಕೊನೆಗೆ ಹಾರ್ನ್‌ಬಿ ಎಂಬುದಷ್ಟೇ ಉಳಿಯಿತು. ನನ್ನ ಮುಂದಿರುವುದು ಆ ಬದಲಾವಣೆಗಳಿಗಿಂತ ಹಿಂದಿನದು.

ಒಳಗಿರುವುದು ಎಕ್ಸ್‌04 ಎಂಬ ಮೋಟರ್. ಇದನ್ನು ರೂಪಿಸಿದವರು ಮುಂದೆ ಯಾರೋ ಇದನ್ನು ಬಿಚ್ಚಿ ಸರಿಪಡಿಸುತ್ತಾರೆ ಎಂದು ನಂಬಿದ್ದರೆಂದೇ ತೋರುತ್ತದೆ. ಇಂದಿನ ಮಾದರಿಗಳಲ್ಲಿ ಮುಚ್ಚಿದ ಡಬ್ಬಿಯಂತಹ ಮೋಟರ್ ಇರುತ್ತದೆ, ಕೆಟ್ಟರೆ ಎಸೆದು ಬೇರೆಯದನ್ನು ಹಾಕಬೇಕು. ಎಕ್ಸ್‌04ರಲ್ಲಿ ಆರ್ಮೇಚರ್ (ತಂತಿ ಸುತ್ತಿದ, ತಿರುಗುವ ಕಬ್ಬಿಣದ ಭಾಗ), ಅಯಸ್ಕಾಂತ, ಎರಡು ಕಾರ್ಬನ್ ಬ್ರಷ್ಷುಗಳು, ಅವನ್ನು ಒತ್ತಿಹಿಡಿಯುವ ಒಂದೇ ತಂತಿ ಸ್ಪ್ರಿಂಗ್, ಎಲ್ಲವೂ ಕಣ್ಣಿಗೆ ಕಾಣುವಂತೆ ತೆರೆದುಕೊಂಡಿವೆ. ಸ್ಪ್ರಿಂಗಿನ ಎರಡು ಕಾಲುಗಳ ಪೈಕಿ ಒಂದಕ್ಕೆ ಮಾತ್ರ ಸಣ್ಣ ತೋಳಿನಂಥ ನಿರೋಧಕ ಕವಚವಿರುತ್ತದೆ. ಒಂದು ಬದಿಯ ಹಳಿಯ ವಿದ್ಯುತ್ತು ಗಾಲಿಗಳ ಮೂಲಕ ಲೋಹದ ಚಾಸಿಗೇ ಬರುವುದರಿಂದ, ಇನ್ನೊಂದು ಬದಿಯ ವಿದ್ಯುತ್ತನ್ನು ಹೊತ್ತ ಬ್ರಷ್ಷು ಚಾಸಿಯನ್ನು ಎಲ್ಲಿಯೂ ತಾಗಬಾರದು. ಈ ಕವಚ ಒಣಗಿ ಉದುರಿಹೋದ ಎಂಜಿನ್ನು ಕದಲುವುದಿಲ್ಲ. ಮನೆಯವರು ಅದನ್ನು ‘ಸುಟ್ಟುಹೋಗಿದೆ’ ಎಂದು ಅಟ್ಟಕ್ಕೆ ಹಾಕಿಬಿಡುತ್ತಾರೆ. ಇಲ್ಲಿಯೂ ಆಗಿದ್ದು ಅದೇ. ಮಲ್ಟಿಮೀಟರಿನಿಂದ ಕಮ್ಯುಟೇಟರಿನ, ಅಂದರೆ ಬ್ರಷ್ಷುಗಳು ಉಜ್ಜುವ ತಾಮ್ರದ ಭಾಗದ, ಮೂರು ತುಂಡುಗಳನ್ನು ಎರಡೆರಡಾಗಿ ಅಳೆದು ನೋಡಿದೆ. ಮೂರೂ ಅಳತೆ ಸಮನಾಗಿದ್ದುದರಿಂದ ಸುರುಳಿಗಳು ಕ್ಷೇಮವೆಂದು ಖಚಿತವಾಯಿತು. ತುಂಡುಗಳ ನಡುವಿನ ಸಂದಿನಲ್ಲಿ ತುಂಬಿದ್ದ ಇದ್ದಿಲ ಪುಡಿಯನ್ನು ಹಲ್ಲುಕಡ್ಡಿಯ ತುದಿಯಿಂದ ತೆಗೆದು, ಅಂಟಾಗಿ ಗಟ್ಟಿಯಾಗಿದ್ದ ಹಳೆಯ ಎಣ್ಣೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಹೊಸ ಕವಚ ಮತ್ತು ಹೊಸ ಬ್ರಷ್ಷುಗಳನ್ನು ಕೂರಿಸಿದೆ. ಬೇರಿಂಗುಗಳಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೊಂದು ಹನಿ ಸಾಕು. ಆರ್ಮೇಚರನ್ನು ಹೊರತೆಗೆಯದೆಯೇ ಇಷ್ಟನ್ನು ಮಾಡಿದೆ, ಏಕೆಂದರೆ ಇಂಥ ಹಳೆಯ ಅಯಸ್ಕಾಂತದ ನಡುವಿನ ಕಬ್ಬಿಣವನ್ನು ತೆಗೆದರೆ ಅದರ ಶಕ್ತಿ ಕುಗ್ಗುತ್ತದೆ. ಗರಿಷ್ಠವಾದ ಹನ್ನೆರಡು ವೋಲ್ಟಿಗೆ ಬಹಳ ಮುನ್ನವೇ ಎಂಜಿನ್ ಗುರುಗುಟ್ಟುತ್ತ ಹೊರಟಿತು.

ಇನ್ನು ಬಣ್ಣದ ವಿಚಾರ. ಎಂಜಿನ್ನಿನ ನೀರಿನ ತೊಟ್ಟಿಯ ಪಕ್ಕದಲ್ಲಿ 47606 ಎಂಬ ಸಂಖ್ಯೆ ಅರ್ಧ ಅಳಿಸಿದೆ, ಮೂಲೆಗಳಲ್ಲಿ ಕಪ್ಪು ಸವೆದು ಹೊಳೆಯುತ್ತಿದೆ. ಆ ಸವೆತವೆಲ್ಲ ಬೆರಳುಗಳು ಎಂಜಿನ್ನನ್ನು ಎತ್ತಿ ಹಳಿಯ ಮೇಲಿಟ್ಟ ಜಾಗಗಳಲ್ಲೇ ಇದೆ. ಕಾರ್ಖಾನೆಯ ಮೂಲ ಮೇಲ್ಮೈಯನ್ನು ಒಮ್ಮೆ ಮುಚ್ಚಿದರೆ ಅದನ್ನು ಮರಳಿ ಪಡೆಯುವ ದಾರಿಯಿಲ್ಲ. ಸಂಗ್ರಹಕಾರರ ದೃಷ್ಟಿಯಲ್ಲಿ ಬೆಲೆಯೂ ಇಳಿಯುತ್ತದೆ, ಆದರೆ ಅದು ನನಗೆ ಎರಡನೆಯ ಕಾರಣ. ಸೋಪು ಬೆರೆಸಿದ ಉಗುರುಬೆಚ್ಚಗಿನ ನೀರು, ಮೆತ್ತನೆಯ ಬ್ರಷ್ಷು, ಇಷ್ಟರಲ್ಲೇ ಮುಗಿಸಿದೆ. ಸಂಖ್ಯೆಯ ಬಳಿ ಆಲ್ಕೊಹಾಲನ್ನು ತರಲಿಲ್ಲ. ಮುರಿದಿದ್ದ ಒಂದು ಬಫರಿನ (ತುದಿಯಲ್ಲಿ ಡಿಕ್ಕಿ ತಾಳುವ ಗುಂಡಿಯ) ಜಾಗಕ್ಕೆ ಹೊಸದನ್ನು ಬಿಳಿ ಅಂಟಿನಿಂದ ಕೂರಿಸಿದ್ದೇನೆ, ಮುಂದೆ ಯಾರಿಗಾದರೂ ಬೇಡವೆನಿಸಿದರೆ ಒದ್ದೆ ಮಾಡಿ ತೆಗೆದುಬಿಡಬಹುದು. ಸ್ನೇಹಿತರಿಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ.

ಭಾನುವಾರ, 22 ಜೂನ್

ಜಿಂಟಿಗೆ ತೋರಿದ ಭಯಭಕ್ತಿಯನ್ನು ಬೋಗಿಗೆ ತೋರಿಸಬೇಕಾಗಿಲ್ಲ. ಯಾವುದೋ ಸೆಟ್ಟಿನಿಂದ ಬೇರೆಯಾಗಿ, ಹಿಂದಿನವರು ಯಾರೋ ಕುಂಚದಿಂದ ದಪ್ಪವಾಗಿ ಹಸಿರು ಬಳಿದಿದ್ದ ಅನಾಮಧೇಯ ಎಚ್‌ಒ (1:87 ಪ್ರಮಾಣದ) ಬೋಗಿಯೊಂದನ್ನು ನಮ್ಮ ಐಸಿಎಫ್ (ಇಂಟಿಗ್ರಲ್ ಕೋಚ್ ಫ್ಯಾಕ್ಟರಿ) ಬೋಗಿಯಾಗಿ ಮಾರ್ಪಡಿಸುವ ಕೆಲಸ ಇಂದು ಒಂದು ಹಂತಕ್ಕೆ ಬಂದಿದೆ. ಇಲ್ಲಿ ಉಳಿಸಬೇಕಾದ ಮೂಲವೆಂಬುದೇ ಇಲ್ಲ. ಗರಗಸ ಹಿಡಿಯಲು ಯಾವ ಸಂಕೋಚವೂ ಆಗಲಿಲ್ಲ.

ಪೆರಂಬೂರಿನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿ 1955ರಲ್ಲಿ ಆರಂಭವಾಯಿತು. ವಿನ್ಯಾಸ ಬಂದದ್ದು ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ಬಳಿಯ ಶ್ಲೀರೆನ್‌ನಿಂದ. ನಿಜವಾದ ಬ್ರಾಡ್‌ಗೇಜ್ ಐಸಿಎಫ್ ಬೋಗಿಯ ಉದ್ದ 21.337 ಮೀಟರ್, ಅಗಲ 3.245 ಮೀಟರ್. 1:87ರ ಪ್ರಮಾಣದಲ್ಲಿ ಅದು 245 ಮಿ.ಮೀ. ಉದ್ದ, 37 ಮಿ.ಮೀ. ಅಗಲಕ್ಕೆ ಇಳಿಯುತ್ತದೆ. ತೊಡಕು ಇರುವುದು ಅದರ ಕೆಳಗೆ. ಎಚ್‌ಒ ಹಳಿಗಳ ನಡುವಿನ ಅಂತರ 16.5 ಮಿ.ಮೀ.; 87ರಿಂದ ಗುಣಿಸಿದರೆ ಯೂರೋಪಿನ 1435 ಮಿ.ಮೀ. ಬರುತ್ತದೆಯೇ ಹೊರತು ನಮ್ಮ 1676 ಬರುವುದಿಲ್ಲ. ಲೆಕ್ಕದಂತೆ ನಮಗೆ ಬೇಕಾದದ್ದು 19.3 ಮಿ.ಮೀ. ಹಳಿ, ಅದು ಅಂಗಡಿಯಲ್ಲಿ ಸಿಗುವುದಿಲ್ಲ. ಹಳಿಯನ್ನೂ ಗಾಲಿಯನ್ನೂ ಪಾಯಿಂಟುಗಳನ್ನೂ (ರೈಲು ಹಳಿ ಬದಲಿಸುವ ಕೂಡುಗಳು) ಸ್ವತಃ ಮಾಡಿಕೊಳ್ಳುವಷ್ಟು ಆಯುಸ್ಸು ನನಗಿದೆಯೆಂದು ಅನಿಸದೆ 16.5ಕ್ಕೇ ಒಪ್ಪಿಕೊಂಡಿದ್ದೇನೆ. ಸಮಾಧಾನಕ್ಕೆ ಹೇಳುವುದಾದರೆ ಬ್ರಿಟಿಷರದೂ ಇದೇ ಕತೆ: ಜಿಂಟಿಯ ಡಬಲ್-ಓ ಪ್ರಮಾಣ 1:76.2, ಆದರೆ ಓಡುವುದು ಅದೇ 16.5ರ ಮೇಲೆ, ಹಾಗಾಗಿ ಅವರ ಹಳಿಯೂ ಲೆಕ್ಕಕ್ಕೆ 1257 ಮಿ.ಮೀ. ಮಾತ್ರ. ಇವೆರಡೂ ಒಂದೇ ಹಳಿಯ ಮೇಲೆ ಓಡಬಲ್ಲವು, ಆದರೆ ಒಂದೇ ಚಿತ್ರದಲ್ಲಿ ನಿಲ್ಲಿಸಿದರೆ ಬ್ರಿಟನ್ನಿನ ಪುಟ್ಟ ಶಂಟರ್ ನಮ್ಮ ಬೋಗಿಯ ಪಕ್ಕದಲ್ಲಿ ಸಲ್ಲದ ಗಾತ್ರ ಪಡೆದುಬಿಡುತ್ತದೆ.

ಹಳೆಯ ಹಸಿರನ್ನು ತೆಗೆಯಲು ಡೆಟಾಲ್ ಬಳಸಿದೆ. ಗಾಯಕ್ಕೆ ಹಚ್ಚುವ ಆ ಡೆಟಾಲೇ. ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣದ ತಿನ್ನರ್ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ, ಡೆಟಾಲ್ ಪಾಲಿಸ್ಟೈರೀನಿಗೆ ತೊಂದರೆ ಕೊಡದೆ ಬಣ್ಣವನ್ನು ಮಾತ್ರ ಸಡಿಲಿಸುತ್ತದೆ. ಒಂದು ಎಚ್ಚರಿಕೆ ಅಗತ್ಯ: ರಾತ್ರಿಯಿಡೀ ನೆನೆಸಿದ ಮೇಲೆ ನೇರವಾಗಿ ನೀರಿನಲ್ಲಿ ತೊಳೆಯಬಾರದು, ನೀರು ತಾಗಿದೊಡನೆ ಸಡಿಲಗೊಂಡ ಬಣ್ಣವೆಲ್ಲ ಜಿಗುಟಾಗಿ ಮತ್ತೆ ಮೆತ್ತಿಕೊಳ್ಳುತ್ತದೆ. ಮೊದಲು ಡೆಟಾಲಿನಲ್ಲೇ ಉಜ್ಜಿ, ಅನಂತರ ಆಲ್ಕೊಹಾಲಿನಲ್ಲಿ ಜಾಲಿಸಿ, ಕೊನೆಯಲ್ಲಿ ಸೋಪುನೀರು. ಮನೆ ಎರಡು ದಿನ ಆಸ್ಪತ್ರೆಯ ವಾಸನೆ ಹೊಡೆಯಿತೆಂಬ ಆಕ್ಷೇಪಣೆಯನ್ನು ಇಲ್ಲಿ ದಾಖಲಿಸಿದ್ದೇನೆ.

ಚಾವಣಿಯನ್ನೂ ಗಾಲಿ ಚೌಕಟ್ಟುಗಳನ್ನೂ ಉಳಿಸಿಕೊಂಡು, ಪಕ್ಕಗಳನ್ನು ಅರ್ಧ ಮಿಲಿಮೀಟರ್ ದಪ್ಪದ ಸ್ಟೈರೀನ್ ಹಾಳೆಯಲ್ಲಿ ಹೊಸದಾಗಿ ಕತ್ತರಿಸಿದೆ. ನಮ್ಮ ಎರಡನೆಯ ದರ್ಜೆಯ ಬೋಗಿಯನ್ನು ಜಗತ್ತಿನ ಬೇರೆ ಬೋಗಿಗಳಿಂದ ಪ್ರತ್ಯೇಕಿಸಿ ತೋರಿಸುವುದು ಕಿಟಕಿಯ ಅಡ್ಡ ಸರಳುಗಳು. ಇವಿಲ್ಲದೆ ಎಷ್ಟೇ ಸರಿಯಾದ ಬಣ್ಣ ಬಳಿದರೂ ಅದು ವಿದೇಶಿ ಬೋಗಿಯಾಗಿಯೇ ಉಳಿಯುತ್ತದೆ. ಬಿಡಿ ಎಳೆಗಳ ವಿದ್ಯುತ್ ತಂತಿಯ ಸಿಪ್ಪೆ ಸುಲಿದರೆ ಒಳಗಿನ ತಾಮ್ರದ ಎಳೆ 0.2 ಮಿ.ಮೀ. ದಪ್ಪವಿರುತ್ತದೆ, ನಿಜದ ಅಳತೆಯಲ್ಲಿ ಅದು 17 ಮಿ.ಮೀ. ಸರಳಿಗೆ ಸಮ. ಎರಡು ಇಕ್ಕಳಗಳ ನಡುವೆ ಎಳೆದು ನೇರ ಮಾಡಿ, ಒಳಬದಿಯಿಂದ ಒಂದೊಂದಾಗಿ ಅಂಟಿಸಬೇಕು. ಇಡೀ ಮಾರ್ಪಾಡಿನಲ್ಲಿ ಅತಿ ಹೆಚ್ಚು ಹೊತ್ತು ತಿಂದದ್ದು ಇದೇ, ಅತಿ ಹೆಚ್ಚು ಸಂತೋಷ ಕೊಟ್ಟದ್ದೂ ಇದೇ. ತುರ್ತು ಕಿಟಕಿಗೆ ಸರಳು ಹಾಕದೆ ಬಿಟ್ಟಿದ್ದೇನೆ.

ಬಣ್ಣ ಯಾವುದೆಂಬ ಪ್ರಶ್ನೆ ಸುಲಭವಾಗಿ ತೀರುವಂಥದ್ದಲ್ಲ. ನೀಲಿ ಬರುವ ಮುನ್ನ ನಮ್ಮ ಬೋಗಿಗಳಲ್ಲಿ ಬಹುಪಾಲು ಇಟ್ಟಿಗೆಗೂ ಕಂದಿಗೂ ನಡುವಣ ಕೆಂಪಿನವು ಎಂದು ಎಲ್ಲರಿಗೂ ನೆನಪಿದೆ, ಆದರೆ ಎಷ್ಟು ಕೆಂಪು ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಇಲ್ಲಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಆಕಾರ, ರಿವೆಟ್ಟು, ಹಿಡಿಕೆಗಳನ್ನು ಮನದಣಿಯೆ ನೋಡಬಹುದು, ಆದರೆ ಬಯಲಿನಲ್ಲಿ ಮಳೆ ಬಿಸಿಲಿಗೆ ನಿಂತ ಯಾವ ವಾಹನವನ್ನೇ ಆಗಲಿ ಮತ್ತೆ ಮತ್ತೆ ಬಳಿಯಲೇಬೇಕಾಗುವುದರಿಂದ ಬಣ್ಣದ ಸಾಕ್ಷ್ಯವನ್ನು ಅಲ್ಲಿ ಹುಡುಕುವುದಿಲ್ಲ. ಹಳೆಯ ವರ್ಣಚಿತ್ರಗಳೂ ಕಾಲಕ್ರಮದಲ್ಲಿ ಕೆಂಪಿಗೋ ನೇರಳೆಗೋ ವಾಲಿರುತ್ತವೆ. ನಾನು ಅನುಸರಿಸುವ ಕ್ರಮವೆಂದರೆ ಚಿತ್ರದಲ್ಲಿ ಬೋಗಿಯ ಪಕ್ಕದಲ್ಲಿರುವ ಗೊತ್ತಿರುವ ಬಣ್ಣವೊಂದನ್ನು, ಉದಾಹರಣೆಗೆ ನಿಲ್ದಾಣದ ಹಳದಿ ನಾಮಫಲಕವನ್ನು, ಸರಿಮಾಡಿಕೊಂಡು ಅದರ ಆಧಾರದಲ್ಲಿ ಕೆಂಪನ್ನು ಅಂದಾಜಿಸುವುದು. ಬಂದ ಉತ್ತರಕ್ಕೆ ಸ್ವಲ್ಪ ತಿಳಿ ಬೂದು ಬೆರೆಸಬೇಕು, ಏಕೆಂದರೆ ದೊಡ್ಡ ಬೋಗಿಯ ಬಣ್ಣವನ್ನು ಯಥಾವತ್ತಾಗಿ ಚಿಕ್ಕ ಮಾದರಿಗೆ ಬಳಿದರೆ ಗಾಢವಾಗಿ, ಆಟಿಕೆಯಂತೆ ಕಾಣುತ್ತದೆ.

ಜೂನ್ ತಿಂಗಳ ಗಾಳಿಯಲ್ಲಿ ಎನ್‌ಸಿ ಬಣ್ಣವನ್ನು ಸಿಂಪಡಿಸುವುದು ಬೇಡ. ತಿನ್ನರ್ ವೇಗವಾಗಿ ಆವಿಯಾಗಿ ಮೇಲ್ಮೈಯನ್ನು ತಣ್ಣಗಾಗಿಸುತ್ತದೆ, ಆ ತಂಪಿಗೆ ಗಾಳಿಯ ತೇವ ಇಳಿದು ಬಣ್ಣ ಬೆಳ್ಳಗೆ ಮಂಜುಕಟ್ಟುತ್ತದೆ. ಅಕ್ರಿಲಿಕ್ ಬಣ್ಣವನ್ನು ಏರ್‌ಬ್ರಷ್ಷಿನಲ್ಲಿ ತೆಳುವಾಗಿ ಹಲವು ಪದರ ಕೊಟ್ಟೆ.

ಅಕ್ಷರಗಳಿಗೆ ಡಿಕ್ಯಾಲ್ (ಅಚ್ಚಾದ ತೆಳು ಹಾಳೆ) ಅಂಟಿಸುವ ಮುನ್ನ ಎಲ್ಲಿಯ ಬೋಗಿ, ಯಾವ ಕಾಲದ್ದು ಎಂದು ತೀರ್ಮಾನಿಸಬೇಕಿತ್ತು. ಕೆಂಪು ಬೋಗಿಗಳ ಕಾಲದಲ್ಲಿ ನಮ್ಮ ಮೈಸೂರು ಮೀಟರ್‌ಗೇಜಿನ ಊರು. ಸಕಲೇಶಪುರದ ಘಾಟಿಯೂ ಹಾಗೆಯೇ. 1980ರ ದಶಕದ ಬ್ರಾಡ್‌ಗೇಜ್ ಬೋಗಿ ಕರ್ನಾಟಕದಲ್ಲಿ ಪ್ರಾಮಾಣಿಕವಾಗಿ ನಿಲ್ಲಬಹುದಾದ ದಾರಿಗಳಲ್ಲಿ ಮುಖ್ಯವಾದದ್ದು ಬೆಂಗಳೂರು–ಜೋಲಾರಪೇಟೆ ಮಾರ್ಗ. ಆದ್ದರಿಂದ ಮಾಲೂರನ್ನು ಆರಿಸಿಕೊಂಡೆ, ಮೇಲೆ ವಿದ್ಯುತ್ ತಂತಿ ಬರುವುದಕ್ಕೆ ಮುಂಚಿನ ಮಾಲೂರು. ನೈಋತ್ಯ ರೈಲ್ವೆ ಹುಟ್ಟಿದ್ದು 2003ರಲ್ಲಿ. ಹಾಗಾಗಿ ಬೋಗಿಯ ಮೇಲೆ ಬಂದದ್ದು ದಕ್ಷಿಣ ರೈಲ್ವೆಯ ಸಂಕೇತಾಕ್ಷರ.

ಶನಿವಾರ, 28 ಜೂನ್

ಮಳೆ ಬಿಡುವು ಕೊಟ್ಟಿತು, ಛಾಯಾಗ್ರಹಣ ನಡೆಯಿತು. ಮೊದಲು ಜಿಂಟಿಯನ್ನು ಬಿಳಿ ಹಾಳೆಯ ಮೇಲಿಟ್ಟು, ಎರಡು ಕಡೆಯಿಂದ ಮೆತ್ತನೆಯ ಬೆಳಕು ಕೊಟ್ಟು, ಗೀರು ಸವೆತಗಳೆಲ್ಲ ಕಾಣುವಂತೆ ದಾಖಲೆಯ ಚಿತ್ರಗಳನ್ನು ತೆಗೆದೆ. ಅದಕ್ಕೆ ಬೆಟ್ಟ ಗುಡ್ಡಗಳ ಹಿನ್ನೆಲೆ ಬೇಕಿಲ್ಲ.

ಬೋಗಿಗೆ ಮಾತ್ರ ಊರು ಬೇಕು. ಹಲಗೆಯೊಂದರ ಮೇಲೆ ಹಳಿ, ಕೆಮ್ಮಣ್ಣು, ಟೇಕಲ್ ಕಡೆಯ ಬಂಡೆಗಳನ್ನು ನೆನಪಿಸುವ ಒಂದೆರಡು ಕಲ್ಲು, ಮೂರು ಲಿಪಿಗಳ ಹಳದಿ ಫಲಕ. ಹಳಿಯ ಕೆಳಗಿನ ಜಲ್ಲಿಗೆ ಮನೆ ಕಟ್ಟುವವರ ಎಂ-ಸ್ಯಾಂಡಿಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ನಿಜವಾದ 50 ಮಿ.ಮೀ. ಜಲ್ಲಿ ಈ ಪ್ರಮಾಣದಲ್ಲಿ 0.6 ಮಿ.ಮೀ.ಗೆ ಹತ್ತಿರ; ಟೀ ಸೋಸುವ ಜರಡಿಯಲ್ಲಿ ಜಾಲಿಸಿದರೆ ಆ ಗಾತ್ರದ ಕಣಗಳು ಬೇಕಾದಷ್ಟು ಸಿಗುತ್ತವೆ, ಅವೂ ಒಡೆದ ಕಲ್ಲೇ ಆದ್ದರಿಂದ ಅಂಚುಗಳು ಚೂಪಾಗಿರುತ್ತವೆ. ಅಂಟಿಸುವ ಮುನ್ನ ಅಯಸ್ಕಾಂತವನ್ನು ಆಡಿಸಿ ಕಬ್ಬಿಣದ ಚೂರುಗಳನ್ನು ತೆಗೆದುಬಿಡಬೇಕು, ಇಲ್ಲವಾದರೆ ಅವು ಎಂಜಿನ್ನಿನ ಮೋಟರಿಗೆ ಹೋಗಿ ಸೇರುತ್ತವೆ.

ಚಿತ್ರ ಆಟಿಕೆಯದೆಂದು ತೋರುವುದಕ್ಕೆ ಮುಖ್ಯ ಕಾರಣ ಕ್ಯಾಮರಾ ಇರುವ ಎತ್ತರ. ಹಳಿಯ ಪಕ್ಕ ನಿಂತ ಮನುಷ್ಯನ ಕಣ್ಣು ನೆಲದಿಂದ 1.6 ಮೀಟರ್ ಎತ್ತರದಲ್ಲಿದ್ದರೆ, ಮಾದರಿಯ ಲೋಕದಲ್ಲಿ ಅದು ಕೇವಲ 18 ಮಿ.ಮೀ. ದೊಡ್ಡ ಕ್ಯಾಮರಾದ ಲೆನ್ಸು ಅಷ್ಟು ಕೆಳಗೆ ಇಳಿಯಲಾರದು. ಮೊಬೈಲನ್ನು ತಲೆಕೆಳಗಾಗಿ ಹಿಡಿದರೆ ಅದರ ಮೂಲೆಯ ಲೆನ್ಸು ಹೆಚ್ಚುಕಡಿಮೆ ಆ ಮಟ್ಟಕ್ಕೇ ಬರುತ್ತದೆ. ದೂರಕ್ಕೂ ಇದೇ ಲೆಕ್ಕ: ಮೂವತ್ತು ಮೀಟರ್ ದೂರದಿಂದ ನೋಡಿದಂತೆ ಕಾಣಬೇಕಾದರೆ 34 ಸೆಂ.ಮೀ. ಹಿಂದೆ ನಿಲ್ಲಬೇಕು. ಅಷ್ಟು ಹತ್ತಿರದಲ್ಲಿ ಬೋಗಿಯ ಮುಂತುದಿ ಸ್ಪಷ್ಟವಾದರೆ ಹಿಂತುದಿ ಮಸುಕಾಗುತ್ತದೆ, ಆ ಮಸುಕು ವಸ್ತು ಚಿಕ್ಕದೆಂದು ಸಾರಿಹೇಳುತ್ತದೆ. ದೊಡ್ಡ ಕ್ಯಾಮರಾದಲ್ಲಿ ಎಫ್ 22ರವರೆಗೆ ರಂಧ್ರವನ್ನು ಕಿರಿದು ಮಾಡಿದರೆ ಬೆಳಕಿನ ವಿವರ್ತನೆಯಿಂದ ಇಡೀ ಚಿತ್ರವೇ ಮೊಂಡಾಗುತ್ತದೆ. ಆದ್ದರಿಂದ ಫೋಕಸ್ಸನ್ನು ಹಂತ ಹಂತವಾಗಿ ಹಿಂದಕ್ಕೆ ಸರಿಸುತ್ತ ಹಲವು ಚಿತ್ರಗಳನ್ನು ತೆಗೆದು, ಸ್ಪಷ್ಟವಾದ ಭಾಗಗಳನ್ನಷ್ಟೇ ಕಂಪ್ಯೂಟರಿನಲ್ಲಿ ಜೋಡಿಸುವುದು ಉತ್ತಮ ದಾರಿ. ಬೆಳಕಿಗೆ ಮಹಡಿಯ ಮೇಲಿನ ಬಿಸಿಲನ್ನೇ ಬಳಸಿದೆ. ಒಂದೇ ದಿಕ್ಕಿನ ಚೂಪು ನೆರಳನ್ನು ಯಾವ ದೀಪವೂ ಸೂರ್ಯನಷ್ಟು ಸರಿಯಾಗಿ ಕೊಡುವುದಿಲ್ಲ. ನೆರಳಿನ ಬದಿಗೆ ಥರ್ಮೋಕೋಲ್ ಹಲಗೆಯೊಂದನ್ನು ಒರಗಿಸಿದೆ.

ಕಂಪ್ಯೂಟರಿನಲ್ಲಿ ಎಷ್ಟು ತಿದ್ದಬಹುದು ಎಂಬುದಕ್ಕೆ ನನ್ನದೊಂದು ಗೆರೆ ಇದೆ. ಒರೆಸಿದರೂ ಉಳಿದ ಧೂಳಿನ ಎಳೆಯನ್ನು ಅಳಿಸುತ್ತೇನೆ, ಏಕೆಂದರೆ ಅದು ಬೋಗಿಗೆ ಸೇರಿದ್ದಲ್ಲ. ಹೊಗೆ, ಮಳೆ, ಮೋಡಗಳನ್ನು ಸೇರಿಸುವುದಿಲ್ಲ. ಮಾದರಿಯಲ್ಲಿ ಇಲ್ಲದ್ದು ಚಿತ್ರದಲ್ಲಿ ಬಂದರೆ ಅದು ಚಿತ್ರಕಾರನ ಕೆಲಸವಾಗುತ್ತದೆ, ಮಾದರಿಕಾರನದಲ್ಲ. ಕೊಳೆಯನ್ನೂ ಹಾಗೆಯೇ ಮೇಜಿನ ಮೇಲೆಯೇ ಕೊಟ್ಟಿದ್ದೇನೆ: ಎರಕದ ಬ್ರೇಕುಗಳಿಂದ ಹಾರುವ ಕಂದು ಪುಡಿ ಕೆಳಭಾಗದಲ್ಲಿ, ಡೀಸೆಲ್ ಮಸಿ ಚಾವಣಿಯ ಮೇಲೆ, ಕಿಟಕಿಗಳ ಕೆಳಮೂಲೆಗಳಿಂದ ಇಳಿದ ನೀರಿನ ಗೆರೆ. ಎಲ್ಲವೂ ಒಣ ಪೇಸ್ಟಲ್ ಪುಡಿಯಿಂದ, ಮೇಲೊಂದು ಮಂದ ವಾರ್ನಿಷಿನಿಂದ. ಇತ್ತೀಚೆಗೆ ಕಾಣುವ ಹಲವು ಮಾದರಿಗಳಲ್ಲಿ ತುಕ್ಕು ಎಷ್ಟು ವಿಪರೀತವೆಂದರೆ ಅಂಥ ಬೋಗಿಯನ್ನು ಯಾವ ಪರೀಕ್ಷಕನೂ ರೈಲಿಗೆ ಜೋಡಿಸಲು ಬಿಡುತ್ತಿರಲಿಲ್ಲ.

ಹದಿನೆಂಟು ಮಿಲಿಮೀಟರಿನ ಎತ್ತರದಿಂದ ನೋಡಿದಾಗ ಚಾವಣಿ ಕಾಣುವುದೇ ಇಲ್ಲ, ಕಣ್ಣಿಗೆ ಬೀಳುವುದು ಬೋಗಿಯ ಕೆಳಭಾಗ. ಅಲ್ಲಿ ಇನ್ನೂ ಹಳೆಯ ವಿದೇಶಿ ಬೋಗಿಯ ಪೆಟ್ಟಿಗೆಗಳೇ ತೂಗುತ್ತಿವೆ. ಆ ಕಾಲದ ಐಸಿಎಫ್ ಬೋಗಿಗೆ ಬೇಕಾದದ್ದು ಬ್ಯಾಟರಿ ಪೆಟ್ಟಿಗೆ, ಅಚ್ಚಿನಿಂದ ಪಟ್ಟಿಯ ಮೂಲಕ ತಿರುಗುವ ಡೈನಮೊ ಮತ್ತು ನಿರ್ವಾತ ಬ್ರೇಕಿನ ಸಿಲಿಂಡರುಗಳು. ಮುಂದಿನ ವಾರ ಪೆಟ್ಟಿಗೆಗಳನ್ನು ಸ್ಟೈರೀನಿನಲ್ಲಿ ಮಡಚಿ ಅಂಟಿಸುವುದೆಂದು ನಿಶ್ಚಯಿಸಿದ್ದೇನೆ. ಸಿಲಿಂಡರುಗಳಿಗೆ ಬರೆದು ಮುಗಿದ ಬಾಲ್‌ಪೆನ್ನಿನ ಹೊರಕೊಳವೆ ಅಳತೆಗೆ ಸರಿಹೋಗುವಂತಿದೆ.