‘ನಿಮಗೆ ಮೀಸಲಾತಿ ಇತ್ತಲ್ಲ, ಮತ್ತೆ ಯಾಕೆ ಝೆರಾಕ್ಸ್ ಅಂಗಡಿ?’

ದಾವಣಗೆರೆಯ ಜಯದೇವ ಸರ್ಕಲ್‌ನಿಂದ ಸ್ವಲ್ಪ ದೂರದಲ್ಲಿ ನನ್ನ ಅಂಗಡಿ. ಝೆರಾಕ್ಸ್, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ. ಸಿಇಟಿ, ನೀಟ್, ರೈಲ್ವೆ, ಪೊಲೀಸ್, ಜಾತಿ-ಆದಾಯ, ಪಹಣಿ, ಎಲ್ಲಾ ಆಗುತ್ತದೆ. ಅರ್ಜಿ ತುಂಬುವಾಗ ಜನ ಸುಮ್ನೆ ಕೂರಲ್ಲ. ಯಾವ ಊರು, ಯಾರ ಪೈಕಿ ಅಂತ ಶುರುವಾಗಿ ನಾನು ಎಸ್‌ಸಿ ಅಂತ ಗೊತ್ತಾದ ಕೂಡಲೇ ಈ ಪ್ರಶ್ನೆ ಬಂದೇ ಬರುತ್ತದೆ: "ನಿಮಗೆ ಮೀಸಲಾತಿ ಇತ್ತಲ್ಲ, ಡಿಗ್ರಿ ಬೇರೆ ಆಗಿದೆ, ಮತ್ತೆ ಯಾಕೆ ಸರ್ಕಾರಿ ನೌಕರಿ ಸಿಗಲಿಲ್ಲ?"

ಹದಿನಾಲ್ಕು ವರ್ಷದಿಂದ ಇದಕ್ಕೆ ಉತ್ತರ ಹೇಳಿ ಬಾಯಿ ನೋವು ಬಂದಿದೆ. ಮೊದಮೊದಲು ನಗುತ್ತಿದ್ದೆ. ಆಮೇಲೆ "ಹಣೆಬರಹ ಸಾರ್" ಅನ್ನುತ್ತಿದ್ದೆ. ಈಗ ಬರೆದೇ ಬಿಡುತ್ತಿದ್ದೇನೆ. ಇನ್ನು ಮೇಲೆ ಕೇಳಿದವರಿಗೆ ಇದರದ್ದೇ ಒಂದು ಝೆರಾಕ್ಸ್ ಕೊಡುತ್ತೇನೆ. ಎರಡು ರೂಪಾಯಿ.

ಮೀಸಲಾತಿ ಅಂದರೆ ನೌಕರಿ ಅಲ್ಲ. ರೇಷನ್ ಅಂಗಡಿಯಲ್ಲಿ ಅಕ್ಕಿ ಅಳೆದ ಹಾಗೆ ಕಾರ್ಡ್ ತೋರಿಸಿದವರಿಗೆಲ್ಲ ಒಂದೊಂದು ಹುದ್ದೆ ಅಳೆದು ಹಾಕಲ್ಲ. ರಾಜ್ಯದಲ್ಲಿ ನೂರು ಹುದ್ದೆ ಕರೆದರೆ ಎಸ್‌ಸಿಗೆ 17 ಅಂತ 2022ರಲ್ಲಿ ಆಯಿತು. ನಾನು ಪರೀಕ್ಷೆ ಬರೆಯುವ ಕಾಲಕ್ಕೆ 15 ಇತ್ತು. ಆ ಪಟ್ಟಿಯಲ್ಲಿ 101 ಜಾತಿಗಳಿವೆ. ಅಷ್ಟಾದರೂ ಹುದ್ದೆ ಕರೆದರೆ ತಾನೆ? ಈ ಪಾಲನ್ನು ಆ ಜಾತಿಗಳ ನಡುವೆ ಹಂಚುವ ಒಳಮೀಸಲಾತಿ ತೀರ್ಮಾನ ಆಗುವವರೆಗೆ ಹೊಸ ನೇಮಕಾತಿ ಬೇಡ ಅಂತ 2024ರ ಅಕ್ಟೋಬರ್‌ನಲ್ಲಿ ಸರ್ಕಾರ ಹೇಳಿತು. ಆ 17ನ್ನು ಮೂರು ಗುಂಪಿಗೆ 6, 6, 5 ಅಂತ ಹಂಚುವ ತೀರ್ಮಾನಕ್ಕೆ ಬಂದಿದ್ದು 2025ರ ಆಗಸ್ಟ್‌ನಲ್ಲಿ. ಒಳಮೀಸಲಾತಿ ಬೇಕು ಅನ್ನುವವನೇ ನಾನು. ಆದರೂ ಅಷ್ಟು ದಿನ "ಅಣ್ಣಾ, ನೋಟಿಫಿಕೇಷನ್ ಬಂತಾ?" ಅಂತ ಬಂದು ಹೋದ ಹುಡುಗರ ವಯಸ್ಸು ಕಾಯುತ್ತಾ ಕೂತಿರಲಿಲ್ಲ.

ಪ್ರಶ್ನೆಗಿಂತ ಜಾಸ್ತಿ ಉರಿಯೋದು ಅದನ್ನು ಕೇಳುವ ಧಾಟಿಗೆ. ಒಂದು ಸಲ ರಿಟೈರ್ ಆದ ಯಜಮಾನರೊಬ್ಬರು ಮೊಮ್ಮಗನನ್ನು ಕರೆದುಕೊಂಡು ಸಿಇಟಿ ಅರ್ಜಿಗೆ ಬಂದಿದ್ದರು. ಬಿಳಿ ಅಂಗಿ, ಜೇಬಲ್ಲಿ ಎರಡು ಪೆನ್ನು. "ನಿಮಗೇನ್ ಬಿಡು ತಮ್ಮಾ, ಮೀಸಲಾತಿ ಐತಿ. ಆದ್ರೂ ಇಲ್ಲಿ ಝೆರಾಕ್ಸ್ ಹೊಡ್ಕಂತ ಕುಂತೀಯಲ್ಲ? ಸರಿಯಾಗಿ ಓದ್ಲಿಲ್ಲೇನು?" ಅಂದರು. ಆಗ ನಾನು ಟೈಪ್ ಮಾಡುತ್ತಿದ್ದದ್ದು ಅವರ ಮೊಮ್ಮಗನ 3ಬಿ, ಅಂದರೆ ಹಿಂದುಳಿದ ವರ್ಗದ ಮೀಸಲಾತಿಯ, ಸರ್ಟಿಫಿಕೇಟಿನ ಆರ್‌ಡಿ ನಂಬರು.

"ಇದನ್ನೆಲ್ಲಾ ತೆಗೆದು ಹಾಕ್ಬೇಕು ನೋಡು. ಮೆರಿಟ್ ಇದ್ದೋರಿಗೆ ಕೊಡ್ಬೇಕು" ಅಂತ ಬೇರೆ ಸೇರಿಸಿದರು.

"ಹಂಗಾದ್ರೆ 3ಬಿ ತೆಗೆದು ಜನರಲ್ ಮೆರಿಟ್, ಜಿಎಂ ಅಂತ ಹಾಕ್ಲಾ ಸಾರ್?"

"ಏ, ಅದು ಇರ್ಲಿ ಬಿಡಪ್ಪ. ಅದು ಬೇರೆ."

ಆಮೇಲೆ ಅರ್ಜಿಯಲ್ಲಿ ಗ್ರಾಮೀಣ ಕೋಟಾದ ಕಾಲಮ್ಮು ಬಂತು. ಅದಕ್ಕೆ 1ರಿಂದ 10ನೇ ತರಗತಿವರೆಗೆ ಪೂರ್ತಿ ಹಳ್ಳಿಯಲ್ಲೇ ಓದಿರಬೇಕು. ಹುಡುಗ 7ರವರೆಗೆ ಊರಲ್ಲಿ ಓದಿ ಆಮೇಲೆ ಸಿಟಿಗೆ ಬಂದವನು. "ಮೂರು ವರ್ಷ ತಾನೆ, ಏನಾದ್ರೂ ಅಡ್ಜಸ್ಟ್ ಮಾಡಾಕಾಗಲ್ವಾ?" ಮೊಮ್ಮಗ ಪಾಪ ಮೊಬೈಲ್ ನೋಡುತ್ತಾ ತಲೆ ತಗ್ಗಿಸಿದ.

ಹೋಗುವಾಗ ಕೊನೆಯ ಬಾಣ. "ನಮ್ಮಪ್ಪ ಮೈಸೂರು ಸರ್ಕಾರದಾಗ ಗುಮಾಸ್ತ ಆಗಿದ್ರು. ಆವಾಗ ಯಾವ ಕೋಟಾ ಇತ್ತು?"

ಇತ್ತು. 1918ರಲ್ಲೇ ನಾಲ್ವಡಿ ಕೃಷ್ಣರಾಜ ಒಡೆಯರ್ ಮಿಲ್ಲರ್ ಸಮಿತಿ ನೇಮಿಸಿದ್ದರು. ಬ್ರಾಹ್ಮಣರನ್ನು ಬಿಟ್ಟು ಹೆಚ್ಚುಕಮ್ಮಿ ಉಳಿದವರೆಲ್ಲ ಹಿಂದುಳಿದವರು ಅಂತ ಅದು ಲೆಕ್ಕ ಹಿಡಿಯಿತು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಅವರಿಗೆ ಸಿಗಬೇಕು ಅಂದಿತು. 1921ರಲ್ಲಿ ಆದೇಶವೂ ಆಯಿತು. ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಆಗ ಮೈಸೂರು ಸೀಮೆಯೇ. ಅವರ ಅಪ್ಪ ಬುದ್ಧಿವಂತರಾಗಿರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಬುದ್ಧಿವಂತರಿಗೂ ಬಾಗಿಲು ತೆಗೆದಿರಬೇಕಲ್ಲ.

ಇದನ್ನು ಅವತ್ತೇ ಹೇಳಬೇಕಿತ್ತು. ಗಿರಾಕಿ ಅಲ್ವಾ, ಹೇಳಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಪೂರ್ತಿ ಭಾಷಣ ಮಾಡಿದೆ. "ಮುದ್ದೆ ಆರ್ತಾ ಐತೆ" ಅಂದಳು.

ಅಂದಹಾಗೆ, ಜಿಎಂ ಅಂದರೆ ಮೇಲ್ಜಾತಿಯವರ ಕೋಟಾ ಅಂತ ತಿಳಿದವರು ಬಹಳ ಇದ್ದಾರೆ. ಅಲ್ಲ. ಎಸ್‌ಸಿ ಹುಡುಗಿಗೆ ಒಳ್ಳೆಯ ರ‍್ಯಾಂಕ್ ಬಂದರೆ ಅವಳೂ ಜಿಎಂ ಸೀಟನ್ನೇ ತಗೋತಾಳೆ. ಇನ್ನು ದುಡ್ಡಿನ ಕೋಟಾ. ನಮ್ಮೂರಲ್ಲಿ ಖಾಸಗಿ ಕಾಲೇಜುಗಳಿಗೆ ಬರ ಇಲ್ಲ. ಮ್ಯಾನೇಜ್‌ಮೆಂಟ್ ಸೀಟು, ಎನ್‌ಆರ್‌ಐ ಸೀಟು ಅಂತ ಇರುತ್ತವೆ. ಮೆಡಿಕಲ್ ಸೀಟಿಗೆ ವರ್ಷಕ್ಕೆ ಸರ್ಕಾರಿ ಕೋಟಾದವರಿಂದ 2,000, ರಾಜ್ಯದ ಉಳಿದವರಿಂದ 25,000, ಹೊರಗಿನವರಿಂದ 60,000 ತಗೋಬಹುದು ಅಂತ 1989ರಲ್ಲಿ ನಮ್ಮ ಸರ್ಕಾರವೇ ದರ ಗೊತ್ತು ಮಾಡಿತ್ತು. ಮೋಹಿನಿ ಜೈನ್ ಪ್ರಕರಣ ಅಂತ ಅದು 1992ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥ ಆಯಿತು. ಆ ಸೀಟಿನ ಹುಡುಗರನ್ನು "ನಿಂದು ಯಾವ ಕೋಟಾ?" ಅಂತ ಕೇಳಿದ್ದನ್ನು ನಾನು ಈವರೆಗೆ ಕಂಡಿಲ್ಲ. ಡಾಕ್ಟರ್ ಸಾಹೇಬರು ಅಂತ ನಮಸ್ಕಾರ ಹಾಕುತ್ತಾರೆ.

ನನ್ನನ್ನು ಯಾರೂ ಕೇಳದ ಪ್ರಶ್ನೆ ಒಂದಿದೆ: ನಿನ್ನ ಮೊದಲ ಅರ್ಜಿ ತುಂಬಿಕೊಟ್ಟವರು ಯಾರು?

ಯಾರೂ ಇಲ್ಲ. ಚಿತ್ರದುರ್ಗದ ಕಡೆಯ ಒಂದು ಹಳ್ಳಿ ನಮ್ಮದು. ನಮ್ಮ ಕೇರಿಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ಗುಮಾಸ್ತರ ಹುದ್ದೆಗೆ ಅರ್ಜಿ ಹಾಕಿದಾಗ ಎಸ್‌ಸಿ ಅನ್ನುವುದೊಂದೇ ನನಗೆ ಗೊತ್ತಿದ್ದ ಮೀಸಲಾತಿ. ಸರ್ಕಾರಿ ನೇಮಕಾತಿಯಲ್ಲಿ ಪ್ರತಿ ವರ್ಗದ ಒಳಗೂ ಗ್ರಾಮೀಣದವರಿಗೆ ನೂರಕ್ಕೆ 25, ಕನ್ನಡ ಮಾಧ್ಯಮದವರಿಗೆ 5 ಇರುತ್ತದೆ ಅಂತ ಗೊತ್ತಾಗಿದ್ದು ಅರ್ಜಿಯ ಮೂರನೇ ಪುಟದಲ್ಲಿ, ಕೊನೆಯ ದಿನಕ್ಕೆ ನಾಲ್ಕು ದಿನ ಇದ್ದಾಗ. ಹತ್ತು ವರ್ಷ ಹಳ್ಳಿಯಲ್ಲೇ, ಕನ್ನಡದಲ್ಲೇ ಓದಿದವನು ನಾನು. ಅದನ್ನು ಹೇಳುವ ಕಾಗದ ಇರಲಿಲ್ಲ. ಹೆಡ್‌ಮಾಸ್ಟರ್ ಸಹಿ ಆಗಬೇಕು, ಮೇಲೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ ಸಹಿ ಆಗಬೇಕು. ಹೆಡ್‌ಮಾಸ್ಟರ್ ಮಗಳ ಮದುವೆಗೆ ರಜೆ ಹಾಕಿದ್ದರು. ಮದುವೆ ಮನೆಗೇ ಹೋಗಿ, ಊಟ ಮಾಡಿ, ಸಹಿ ಹಾಕಿಸಿಕೊಂಡೆ. ಬಿಇಒ ಕಚೇರಿಯಲ್ಲಿ "ನಮೂನೆ ಸರಿ ಇಲ್ಲ, ಬೇರೆ ತಗಂಡ್ ಬಾ" ಅಂದರು. ಅಷ್ಟೊತ್ತಿಗೆ ಮುಗಿದಿತ್ತು. ಆ ಎರಡು ಕಾಲಮ್ಮಿನಲ್ಲೂ ‘ಇಲ್ಲ’ ಅಂತ ಬರೆದೆ. ಪಟ್ಟಿ ಬಂದಾಗ ಎಸ್‌ಸಿ ಗ್ರಾಮೀಣದಲ್ಲಿ ಕೊನೆಗೆ ಆಯ್ಕೆಯಾದವನಿಗಿಂತ ನನಗೆ ಮೂರು ಅಂಕ ಜಾಸ್ತಿ ಇತ್ತು.

ಆಮೇಲೂ ಬರೆದೆ. ಒಂದರಲ್ಲಿ ನಿಜವಾಗಿಯೂ ಓದಿರಲಿಲ್ಲ, ಒಪ್ಪಿಕೊಳ್ಳುತ್ತೇನೆ. ಆಮೇಲೆ ವಯಸ್ಸು ಮೀರಿತು, ಅಂಗಡಿ ಇಟ್ಟೆ.

ಸೋಮವಾರ ಒಬ್ಬ ಅಪ್ಪ, ಮಗಳು ಬಂದಿದ್ದರು. ಸಿಇಟಿ ಅರ್ಜಿ. ಹುಡುಗಿ ಹತ್ತನೇ ತರಗತಿವರೆಗೂ ಊರಿನ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಜಾತಿ ಸರ್ಟಿಫಿಕೇಟ್ ಒಂದನ್ನೇ ಪ್ಲಾಸ್ಟಿಕ್ ಕವರಿನಲ್ಲಿ ತಂದಿದ್ದರು. ನಮೂನೆಗಳನ್ನು ಪ್ರಿಂಟ್ ತೆಗೆದು, ಎಲ್ಲೆಲ್ಲಿ ಸಹಿ ಅಂತ ಪೆನ್ಸಿಲ್‌ನಲ್ಲಿ ಗೀಟು ಹಾಕಿ, ಎರಡೆರಡು ಪ್ರತಿ ಕೊಟ್ಟು, ಮಧ್ಯಾಹ್ನದ ಬಸ್ಸಿಗೇ ವಾಪಸ್ ಕಳಿಸಿದೆ. ಶುಕ್ರವಾರ ಕೊನೆಯ ದಿನ. ಇವತ್ತು ಬುಧವಾರ, ಅಂಗಡಿ ಮುಚ್ಚುವ ಹೊತ್ತು. ಇನ್ನೂ ಬಂದಿಲ್ಲ.